ಸರಟೋಗಾದ ಸೂರ್ಯವಂಶಿ

ಗದಗಿನ ಕಿರಣಕುಮಾರ ಇಪ್ಪತ್ತೆರಡು ವರ್ಷ ಇಲ್ಲಿ ಅಮೆರಿಕದ ಸರಟೋಗಾದಲ್ಲಿ ಕಂಪ್ಯೂಟರ್ ಚಿಪ್ಪುಗಳಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆದವನು. ಐವತ್ತು ಹತ್ತಿರವಾದಾಗ ತಾನು ಸೂರ್ಯವಂಶದ ರಾಜರಾದ ಮೇವಾಡದ ಸಿಸೋದಿಯಾ ರಜಪೂತನೆಂದು ಅವನಿಗೆ ಗೊತ್ತಾಯಿತು. ಆಧಾರ ಎರಡು: ಎಂಜಲು ಕಳಿಸಿ ತರಿಸಿಕೊಂಡ ಡಿಎನ್‌ಎ ವರದಿ ಮತ್ತು ಮೀಸೆ. ವರದಿಯಲ್ಲಿ ವಾಯವ್ಯ ಭಾರತಕ್ಕೆ ಶೇಕಡಾ ನಾಲ್ಕು ಇತ್ತು. ಉಳಿದ ತೊಂಬತ್ತಾರನ್ನು ಗುಡಿಸಿ ಮೂಲೆಗೆ ಹಾಕಿದ. ಗ್ಯಾರೇಜಿನ ಮೇಲೆ ಹಿತ್ತಾಳೆಯ ಸೂರ್ಯ ಬಂದ, ಅವನಿಗೂ ಮೀಸೆ.

ಇನ್ನು ಬೇಕಿದ್ದದ್ದು ರಜಪೂತ ಸಂಘದ ಸದಸ್ಯತ್ವ. ಅಧ್ಯಕ್ಷರು ಮನೆಗೆ ಬಂದು ಒಪ್ಪಬೇಕು. ಅವರನ್ನು ಮೆಚ್ಚಿಸಲು ಹುಟ್ಟುಹಬ್ಬಕ್ಕೆ ತಿಲಕೋತ್ಸವ ಇಟ್ಟುಕೊಂಡ. ಆ ವಂಶದ ಮೂಲಪುರುಷ ಗುಹೆಯಲ್ಲಿ ಹುಟ್ಟಿದ ತಬ್ಬಲಿಯಂತೆ. ಭೀಲನೊಬ್ಬ ಬೆರಳು ಕುಯ್ದು ರಕ್ತದ ತಿಲಕವಿಟ್ಟ ಮೇಲೆಯೇ ರಾಜನಾದನಂತೆ. ಅಂದರೆ ಗದ್ದುಗೆ ಕೊಟ್ಟವರು ಕಾಡಿನವರು. ಈ ಮಾತು ಕಿರಣನ ತಲೆಗೆ ಹೋಗಲಿಲ್ಲ. ಒಬ್ಬ ಭೀಲ ಬೇಕು ಎಂಬುದಷ್ಟೇ ಹೋಯಿತು. ಪಕ್ಕದ ಮನೆಯ ನನ್ನ ಬಳಿ ಬಂದ.

“ಗುಣಪಾಲ್ ಸರ್, ನೀವೇ ಭೀಲ ಆಗ್ರೀ. ನಿಮ್ಮ ಪರ್ಸನಾಲಿಟಿಗೆ ಮೇಕಪ್ಪೂ ಬೇಕಾಗಿಲ್ಲ.”

ನನಗೂ ಸ್ವಾಭಿಮಾನವಿದೆ. ಆದರೆ ಊಟವೂ ಇದೆಯೆಂದ, ಒಪ್ಪಿದೆ. ಸಕ್ಕರೆ ಕಾಯಿಲೆಯವನಿಗೆ ಬೆರಳು ಚುಚ್ಚಿಕೊಳ್ಳುವುದು ದಿನದ ಕೆಲಸ. ಹುಟ್ಟುಹಬ್ಬದ ದಿನ ಅಧ್ಯಕ್ಷರ ಎದುರಿಗೇ ಒಂದು ಹನಿ ಅವನ ಹಣೆಗೊತ್ತಿದೆ.

ಅಧ್ಯಕ್ಷ ಅಜಯ್ ಸಿಂಗರು ಬೆಂಗಳೂರಿನಲ್ಲಿ ಬೆಳೆದವರು. ಅರ್ಜಿ ತೆಗೆದು ಕನ್ನಡದಲ್ಲೇ ಕೇಳಿದರು: “ನಿಮ್ಮ ಕುಲದೇವಿ ಯಾರು?”

ಕಿರಣ ಬಾಯಿ ತೆರೆಯುವಷ್ಟರಲ್ಲಿ ಸೋಫಾದ ಮೂಲೆಯಿಂದ ಅವನ ತಾಯಿ ಅಂಬವ್ವ ಹೇಳಿದರು: “ಯಲ್ಲವ್ವರಿ. ನಮ್ಮ ಮಾವಾರು ಸಾವ್ಕಾರ್ರ ಕುದರಿಗೆ ನಾಲಾ ಬಡೀತಿದ್ರು. ಎಷ್ಟ್ ಸರ್ತಿ ಒದಿಸ್ಕೊಂಡಾರ್ರೀ, ಪಾಪ!”

“ಇವರು?” ಎಂದರು ಅಜಯ್ ಸಿಂಗರು.

ಕಿರಣ ಮೀಸೆ ನೇವರಿಸಿಕೊಂಡ. “ಅವರು... ನನ್ನನ್ನ ಸಾಕಿದೋರು, ಅಷ್ಟೇ. ಮೆಮೊರಿ ಪ್ರಾಬ್ಲಮ್ಮು.”

ಅಬ್ಬಾ, ಶೂರ! ನನ್ನ ರಕ್ತ ಅವನ ಹಣೆಯ ಮೇಲಿತ್ತು, ವಾಪಸು ಕೇಳುವಂತಿರಲಿಲ್ಲ. ಎದ್ದು ಬರಬೇಕಿತ್ತು, ನಾನೂ ಕೂತೇ ಇದ್ದೆ.

“ಹಾಗಾದ್ರೆ ತಾಯಿ ಹೆಸರು ಏನ್ ಬರೀಲಿ?”

ಅಂಬವ್ವ ಸೆರಗು ಸರಿಮಾಡಿಕೊಂಡರು. “ಸೂರ್ಯನಿಂದ ಉದುರಿ ಬಿದ್ದಾನಂತ ಬರಕೋರಿ. ಹಡೀಲಿಕ್ಕೆ ಯಾರೂ ಬೇಕಾಗಿಲ್ಲ.”

ಅಜಯ್ ಸಿಂಗರು ಪೆನ್ನು ಜೇಬಿಗಿಟ್ಟರು. ಅಂಬವ್ವನ ಕಾಲು ಮುಟ್ಟಿ ನಮಸ್ಕರಿಸಿ, ಮನೆಯೊಡೆಯನತ್ತ ನೋಡದೆ ಹೊರಟರು.

“ಸರ್, ಅಪ್ಲಿಕೇಷನ್ನು ಪೆಂಡಿಂಗಾ?” ಎನ್ನುತ್ತ ಕಿರಣ ಕಾರಿನವರೆಗೂ ಅವರ ಹಿಂದೆ ಓಡಿದ.