ಮಾದಯ್ಯ ಇಳಿಯಬಾರದ ಕೊಳ

ಸಾವಿರದ ಒಂಬೈನೂರ ಮೂವತ್ತರ ದಶಕದ ನಡುಭಾಗ. ನಾನಾಗ ಮೈಸೂರು ಸಂಸ್ಥಾನದ ತೋಟಗಾರಿಕೆಯಲ್ಲಿ ಹಂಗಾಮಿ ಓವರ್‌ಸಿಯರ್. ಹಂಗಾಮಿ ಎಂದರೆ ಮೇಲಿನವರಿಗೆ ಬೇಡವಾದ ದಿನ ಗಂಟುಮೂಟೆ ಕಟ್ಟಬೇಕಾದವನು. ಇದನ್ನು ಮೊದಲೇ ಹೇಳುವುದು ನೆಪಕ್ಕಲ್ಲ. ನೆಪದಂತೆ ಕೇಳಿಸಿದರೆ ಕೇಳಿಸಲಿ.

ಹುಣಸೂರಿನಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ, ಲಕ್ಷ್ಮಣತೀರ್ಥ ಹೊಳೆಯ ಬದಿಯ ಒಂದು ಊರು. ಹೆಸರು ಬೇಡ, ಅಲ್ಲಿ ನನ್ನನ್ನು ಬಲ್ಲವರು ಇನ್ನೂ ಇದ್ದಾರೆ. ಊರಾಚೆ ಇಂಗ್ಲಿಷ್ ದೊರೆಯೊಬ್ಬನ ತೋಟವಿತ್ತು: ಬಂಗಲೆ, ಕಸಿ ಮಾವಿನ ಮರಗಳು, ನಡುವೆ ಮೆಟ್ಟಿಲು ಕಟ್ಟಿದ ಕೊಳ. ವಯಸ್ಸಾಗಿ ತನ್ನ ಸೀಮೆಗೆ ಹೊರಟಾಗ ಆತ ತೋಟವನ್ನು ಊರಿಗೆ ಬರೆದುಕೊಟ್ಟ. ‘ಭೇದವಿಲ್ಲದೆ ಸಮಸ್ತ ಜನರ ವಿಹಾರಕ್ಕೆ’ ಎಂದು ದಾನಪತ್ರದಲ್ಲಿತ್ತು. ಅದರ ಕನ್ನಡ ಪ್ರತಿ ಮಾಡಿದವನು ನಾನೇ. ನಡೆದಾಡಲು ದಾರಿ, ಜೋಕಾಲಿ, ಕೊಳಕ್ಕೊಂದು ದೋಣಿ, ದಾರಿಯ ಎರಡೂ ಬದಿಗೆ ಮುನ್ನೂರು ನೆರಳಿನ ಸಸಿ, ಇಷ್ಟು ಮಾಡಿಸಿ ಬರಬೇಕೆಂದು ನನ್ನನ್ನು ಕಳಿಸಿದ್ದರು.

ತೋಟದ ಜೊತೆಗೆ ಮಾದಯ್ಯನೂ ಬಂದ. ದೊರೆಯ ಕಾಲದಿಂದ ಮಾಲಿ, ಹೊಲಗೇರಿಯವನು, ತೋಟದ ಹಿಂಬದಿಯ ಗುಡಿಸಲಲ್ಲಿ ಹೆಂಡತಿಯೊಡನೆ ಇದ್ದ. ಯಾವ ಸಸಿಗೆ ಎಷ್ಟು ನೀರು ಎಂದು ಮಣ್ಣು ಹಿಸುಕಿಯೇ ಹೇಳುತ್ತಿದ್ದ. ಪುಸ್ತಕ ಓದಿ ಬಂದಿದ್ದ ನನಗೆ ಒಳಗೊಳಗೇ ಹೊಟ್ಟೆಯುರಿ. ಆಗ ಎಲ್ಲರಂತೆ ನಾನೂ ಅವನನ್ನು ‘ಮಾದ’ ಎಂದೇ ಕರೆಯುತ್ತಿದ್ದೆ.

ಬೇಸಿಗೆಯ ಮೊದಲಿಗೆ ಉದ್ಯಾನ ತೆರೆಯಿತು. ಜನ ಗಾಡಿ ಕಟ್ಟಿಕೊಂಡು ಬಂದರು, ಮಕ್ಕಳು ಜೋಕಾಲಿಗೆ ಮುಗಿಬಿದ್ದರು. ಮಾರನೆಯ ದಿನವೇ ಉದ್ಯಾನ ಸಮಿತಿಯ ಮುಖ್ಯಸ್ಥರಾಗಿದ್ದ ಪಟೇಲರು ನನ್ನನ್ನು ಕರೆಸಿದರು.

“ನೋಡಿ ಓವರ್‌ಸೀರ್ರೇ, ದೊರೆ ಕಾಲದ್ದು ದೊರೆ ಕಾಲಕ್ಕೇ ಮುಗೀತು ಕಣ್ರೀ. ಈಗ ನಮ್ ಎಂಗಸ್ರು ಮಕ್ಳು ಬುತ್ತಿ ಕಟ್ಕಂಡು ಬತ್ತಾರೆ, ಇದೇ ನೀರ ಕುಡೀತಾರೆ. ಮಾದ ಕೊಡ ಅದ್ದುದ್ ನೀರ್ನ ಎಂಗ್ ಕುಡಿಯಾದು? ಅವ್ನು ಕೊಳಕ್ಕೆ ಇಳೀಕೂಡ್ದು.”

ದಾನಪತ್ರದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಟೇಲರಿಗೆ ಮೇಲಿನವರ ಬಳಕೆ ಚೆನ್ನಾಗಿತ್ತು. “ಆಗಲಿ, ನೋಡ್ತೀನಿ” ಎಂದುಬಿಟ್ಟೆ.

ಮಾದಯ್ಯನಿಗೆ ತಿಳಿಸಿದಾಗ ಅವನು ಮೊದಲು ನಂಬಲಿಲ್ಲ. “ಈ ಕೊಳ ತೋಡ್ದೋನು ನಮ್ಮಪ್ಪ, ಬುದ್ಧಿ. ಮಣ್ಣು ಒತ್ತೋನು ನಾನು. ಎಲ್ರುಗೂ ಬುಟ್ರು ಅಂದ್ರಲ್ಲ, ನಾನು ಎಲ್ರೊಳಗೆ ಇಲ್ವಾ?”

ನಾನು ಬುದ್ಧಿವಂತನಂತೆ ಒಂದು ಉಪಾಯ ಹೂಡಿದೆ. ಕೊಳದಿಂದ ದೂರಕ್ಕೆ ಕಲ್ಲಿನ ತೊಟ್ಟಿ ಇಡಿಸಿದೆ. ಊರೊಳಗಿನ ಆಳು ತಮ್ಮಯ್ಯ ಕೊಳದಿಂದ ನೀರು ಮೊಗೆದು ತೊಟ್ಟಿಗೆ ತುಂಬಬೇಕು, ಮಾದಯ್ಯ ತೊಟ್ಟಿಯಿಂದ ಸಸಿಗೆ ಒಯ್ಯಬೇಕು. ಐದನೆಯ ದಿನಕ್ಕೆ ತಮ್ಮಯ್ಯ ಕೊಡ ಬಿಸಾಡಿದ. “ಊರಲ್ಲಿ ಆಡ್ಕತಾವ್ರೆ. ಅವ್ನಿಗೆ ನೀರ್ ತುಂಬೋ ಆಳು ನಾನಲ್ಲ, ಬುಡಿ ಸ್ವಾಮಿ.” ಅವನ ಜಾಗಕ್ಕೆ ಇನ್ನೊಬ್ಬ ಸಿಗಲಿಲ್ಲ. ಕೊಳದ ತುಂಬ ನೀರಿತ್ತು, ತೊಟ್ಟಿಯ ತಳದಲ್ಲಿ ಪಾಚಿ ಒಣಗಿ ಬಿರಿಯಿತು.

ಮಾದಯ್ಯನೂ ಅವನ ಹೆಂಡತಿಯೂ ಹೊಳೆಯಿಂದ ಹೊರತೊಡಗಿದರು. ಹೋಗಿ ಬರಲು ಒಂದು ಮೈಲಿ. ಅವಳ ಹೆಗಲು ಬಾತು, ಹೆಗಲ ಮೇಲಿನ ಬಟ್ಟೆಗೆ ರಕ್ತ ಅಂಟುತ್ತಿತ್ತು. ಎಲ್ಲ ಸಸಿಗೂ ಸಾಲದೆಂದು ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವನು ದಿನವೂ ಆರಿಸುತ್ತಿದ್ದ. ಬಿಟ್ಟ ಸಸಿಯ ಬುಡವನ್ನು ಒಮ್ಮೆ ಮುಟ್ಟಿ ಮುಂದೆ ಹೋಗುತ್ತಿದ್ದ. ನಾನು ಅತ್ತ ಹೋಗುತ್ತಿರಲಿಲ್ಲ. ದೋಣಿಗೆ ಬಣ್ಣ ಹೊಡೆಸುವ ನೆವದಲ್ಲಿ ಕೊಳದ ಬಳಿಯೇ ಕೂತಿರುತ್ತಿದ್ದೆ.

ಮಳೆ ಬರುವ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಸಸಿ ಸತ್ತಿದ್ದವು. ತನಿಖೆಗೆ ಬರುತ್ತೇವೆಂದು ಮೇಲಿನಿಂದ ಕಾಗದ ಬಂತು. ಪಟೇಲರು ತಣ್ಣಗೆ ಹೇಳಿದರು, “ಯಾರ ತಪ್ಪು ಅಂತ ಬರೀಬೇಕಲ್ರೀ. ನಿಮ್ದೋ, ಮಾಲೀದೋ?”

ಆ ಮಧ್ಯಾಹ್ನ ಬಂಗಲೆಯ ಜಗಲಿಯಲ್ಲಿ ಕೂತು ಮಾದಯ್ಯನ ಹೇಳಿಕೆಯನ್ನು ನಾನೇ ಬರೆದೆ. ಎರಡೇ ವಾಕ್ಯ. ಸಸಿಗಳು ನೀರಿಲ್ಲದೆ ಒಣಗಿದವು ಎಂಬುದು ಮೊದಲನೆಯದು. ಮಾಲಿಯಾದ ನನ್ನ ಅಲಕ್ಷ್ಯವೇ ಇದಕ್ಕೆ ಕಾರಣ ಎಂಬುದು ಎರಡನೆಯದು. ಇದಕ್ಕೆ ಹೆಬ್ಬೆಟ್ಟು ಬಿದ್ದರೆ ಅವನ ಕೆಲಸ ಹೋಗುತ್ತಿತ್ತು, ಕೆಲಸದ ಹಿಂದೆ ಗುಡಿಸಲೂ. ಬೀಳದಿದ್ದರೆ ನನ್ನದು.

ಅವನು ಅಂಗಳದಲ್ಲಿ ನಿಂತೇ ಕೇಳಿದ, “ಏನು ಬರ್ದಿದ್ದೀರಿ ಬುದ್ಧಿ?”

“ಸಸಿಗಳು ನೀರಿಲ್ಲದೆ ಒಣಗಿದವು ಅಂತ.”

“ಅದು ದಿಟವೇ” ಎಂದ. ಮುಂದೆ ಏನಾದರೂ ಇದೆಯೇ ಎಂದು ಕೇಳಲಿಲ್ಲ, ನಾನು ಓದಲಿಲ್ಲ. ಮಸಿ ಹತ್ತಿದ ಬೆರಳನ್ನು ಕಾಗದ ಕೊಳೆಯಾಗದಂತೆ ಜೋಪಾನವಾಗಿ ಒತ್ತಿದ. ಆಮೇಲೆ, “ಮಳೆ ಬಿದ್ಮೇಲೆ ಒಸ ಸಸಿ ತರ್ಸಿ, ಗುಂಡಿ ಈಗ್ಲೇ ತೆಗ್ದಿಟ್ಟಿರ್ತೀನಿ” ಎಂದು ಹೇಳಿ ಗುದ್ದಲಿ ಎತ್ತಿಕೊಂಡು ಹೋದ.

ನನ್ನ ನೌಕರಿ ಮರುವರ್ಷ ಕಾಯಂ ಆಯಿತು. ನಿವೃತ್ತಿಯವರೆಗೂ ಕೈಕೆಳಗಿನ ಯಾವ ಆಳಿನ ಹೇಳಿಕೆ ಬರೆದರೂ ಕಟ್ಟಕಡೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ ಹೇಳಿದ್ದೇನೆ, ಬೇಡವೆಂದರೂ ಬಿಟ್ಟಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದೊಂದೇ. ಅದನ್ನು ಕಲಿಯುವ ಹೊತ್ತಿಗೆ ಮಾದಯ್ಯ ಸತ್ತ ಪ್ರತಿ ಸಸಿಗೂ ಗುಂಡಿ ತೆಗೆದು ಮುಗಿಸಿದ್ದ, ವಜಾ ಆದೇಶವನ್ನು ಅವನ ಕೈಗೆ ಕೊಟ್ಟವನು ನಾನೇ.