ಬಾಳೆಹಣ್ಣಿನ ಡಬ್ಬಿಯ ಮೇಲಿನ ಹಳದಿ ಚೀಟಿ

ಕಮಲಾಪುರದ ಸಂತೆಯಲ್ಲಿ ಅಜ್ಜಿಯೊಬ್ಬರು ಕೆಂಪು ಬಾಳೆಹಣ್ಣು ಜೋಡಿಸಿಟ್ಟಿದ್ದ ಡಬ್ಬಿಯ ಮೇಲೆ ವಿಕಿರಣದ ಎಚ್ಚರಿಕೆಯ ಹಳದಿ ಚೀಟಿ ಹಾಗೆಯೇ ಇತ್ತು. ವಿಳಾಸ ನೋಡಿದರೆ, ಕಲಬುರಗಿಯಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಗೆ ವಿಕಿರಣ ಔಷಧ ಬಂದಿದ್ದ ಡಬ್ಬಿ ಅದು. ಮುಟ್ಟಬೇಡಿ ಎಂದೆ.

“ಯವ್ವಾ, ಇದರಾಗ ಹಣ್ಣ ಇಡಾಕ ಹತ್ತಿ ವರ್ಷಾತು, ಏನೂ ಆಗಿಲ್ಲ. ಇಂಥಾದು ಇನ್ನೊಂದು ಸಿಕ್ಕರ ತಂದುಕೊಡು,” ಎಂದು ನಕ್ಕರು.

ಅವರಿಗೆ ಬೇರೆ ಡಬ್ಬಿ ಕೊಡಿಸಿ, ಚೀಟಿಯಿದ್ದ ಡಬ್ಬಿಯನ್ನು ಆಸ್ಪತ್ರೆಗೆ ತಂದು ಅಳೆದೆ, ವಿಕಿರಣವಿರಲಿಲ್ಲ. ಚೀಟಿ ಕಿತ್ತ ಬಳಿಕವೇ ಗುಜರಿಗೆ ಕೊಡಬೇಕೆಂಬ ನಿಯಮವನ್ನು ಉಗ್ರಾಣದ ಹಿರಿಯರಿಗೆ ನೆನಪಿಸಿದೆ. “ಖಾಲಿ ಡಬ್ಬಿ ಅದ. ಚೀಟಿ ಇದ್ರ ಏನಾತವ್ವಾ?” ಎಂದರು. ಹಿರಿಯರಿಗೆ ಎಂದೂ ಎದುರಾಡದ ನಾನು ಅಂದು ಎದುರಾಡಿದೆ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ಚೀಟಿಗೆ ಅಂಜಬೇಕಿಲ್ಲವೆಂದು ಒಂದು ಸಂತೆಗೇ ನಾವು ಕಲಿಸಿದ್ದೇವೆ. ನಾಳೆ ತುಂಬಿದ ಡಬ್ಬಿಯೊಂದು ದಾರಿಯಲ್ಲಿ ಬಿದ್ದರೆ, ಆ ಅಜ್ಜಿ ಅದನ್ನು ಸಂತೋಷದಿಂದ ಮನೆಗೆ ಒಯ್ಯುತ್ತಾರೆ.