ಪುಣೆಗೆ ಹೋಗಬೇಕಿದ್ದ ರೊಟ್ಟಿ

ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿಗೆ ನಾನು ಸೇರಿದ್ದು ಜ್ಞಾನದ ಹಂಬಲದಿಂದೇನಲ್ಲ. ಇದರಲ್ಲೂ ಫೇಲಾದರೆ ವಿಜಯಪುರದ ಜೋರಾಪುರ ಪೇಟೆಯ ನಮ್ಮ ಅರಿವೆ ಅಂಗಡಿಯಲ್ಲಿ ಕೂರಬೇಕೆಂದು ಅಪ್ಪ ಹೇಳಿಬಿಟ್ಟಿದ್ದ. ದಿನವಿಡೀ ಸೀರೆ ಬಿಚ್ಚಿ ಮಡಚುವ ಆ ಬದುಕು ನನಗೆ ಸುತರಾಂ ಬೇಡವಾಗಿತ್ತು.

ಕೊನೆಯ ಪರೀಕ್ಷೆ ಇಷ್ಟೇ: ನಮ್ಮ ಕಡೆಯದೊಂದು ಸರಕಿಗೆ ಆನ್‌ಲೈನಿನಲ್ಲಿ ಪೇಜು ಮಾಡಿ, ಒಂದಾದರೂ ಆರ್ಡರು ತಂದು, ಅದನ್ನು ಕೊರಿಯರ್ ಮಾಡಿದ ರಸೀದಿ ತೋರಿಸಬೇಕು. ನಾನು ಅವ್ವನ ತಂಗಿ, ತಿಕೋಟಾದ ಚಿಗವ್ವನ ಖಡಕ್ ರೊಟ್ಟಿ ಆರಿಸಿಕೊಂಡೆ. ಫೋಟೊ ಚೆನ್ನಾಗಿಯೇ ಬಂದವು. ಕೆಳಗೆ ‘ಈಗಲೇ ಖರೀದಿಸಿ’ ಎಂದು ಹಾಕಬೇಕೆಂಬುದು ಕೋರ್ಸಿನ ಸರ್ ಕಲಿಸಿದ ಪಾಠ. ಚಿಗವ್ವ ಅದನ್ನು ಓದಿ ಮುಖ ಗಂಟಿಕ್ಕಿದಳು.

“ಮಂದಿಗಿ ರೊಟ್ಟಿ ತೋರ್ಸಿ, ರೊಕ್ಕಾ ಕೊಡ್ರಿ ಅಂತಾರೇನ ಬೇ? ಮೊದಲ ಉಣ್ಣಾಕ ಬರ್ರಿ ಅಂತ ಬರಿ.”

‘ಮನಿಗಿ ಬರ್ರಿ, ಉಂಡು ನೋಡ್ರಿ’ ಎಂದು ಬರೆದೆ. ಬರೀ ಮಾತಿನ ಚಂದಕ್ಕೆ ಎಂದುಕೊಂಡಿದ್ದೆ. ಆದರೆ ನಮ್ಮ ಕಡೆ ಉಣ್ಣಲು ಕರೆದರೆ ಮಂದಿ ಬರುತ್ತಾರೆ. ಬಬಲೇಶ್ವರದಿಂದ ಬೈಕಿನ ಮೇಲೆ ಬಂದರು, ಬಿಜ್ಜರಗಿಯಿಂದ ಟಂಟಂ ಗಾಡಿ ಮಾಡಿಕೊಂಡು ಬಂದರು. ಪೇಜಿನಲ್ಲಿ ಮನೆಯ ನಕಾಶೆ ಹಾಕಿದವಳೂ ನಾನೇ. ಎಲ್ಲರೂ ಉಂಡರು, ಮಜ್ಜಿಗೆ ಕುಡಿದರು, ಚಿಗವ್ವನಿಗೆ ಕೈಮುಗಿದು ಹೋದರು. ಉಂಡ ಮನೆಯಲ್ಲಿ ವ್ಯಾಪಾರದ ಮಾತೆತ್ತುವಷ್ಟು ನಾಚಿಕೆಗೆಟ್ಟವರು ಅವರಲ್ಲಿ ಒಬ್ಬರೂ ಇರಲಿಲ್ಲ. ನಾನು ಹಲ್ಲು ಕಡಿಯುತ್ತ ಲೈಕು ನೋಡುತ್ತ ಕೂತೆ.

ಕಡೆಗೂ ಪುಣೆಯಿಂದ ಒಂದು ಆರ್ಡರು ಬಂತು. ಗಡುವು ಮುಗಿಯುವ ದಿನ ಬೆಳಿಗ್ಗೆ ರೊಟ್ಟಿಯನ್ನು ಡಬ್ಬಿಗೆ ತುಂಬಿ, ಟೇಪು ಸುತ್ತಿ, ಅಡುಗೆಮನೆಯಲ್ಲಿ ಇಟ್ಟೆ. ಸಂಜೆಯೊಳಗೆ ವಿಜಯಪುರಕ್ಕೆ ಒಯ್ದು ಕೊರಿಯರ್ ಮಾಡಿದರೆ ಪಾಸು. ಮಧ್ಯಾಹ್ನ ಸರ್ ತಾವೇ ನನ್ನ ಕೆಲಸ ನೋಡಲು ತಿಕೋಟಾಕ್ಕೆ ಬಂದರು.

“ಊಟ ಆತೇನ್ರಿ ಸರ?” ಎಂದಳು ಚಿಗವ್ವ.

“ಇಲ್ರಿ,” ಎಂದರು ಪಾಪ, ಇದ್ದದ್ದನ್ನು ಇದ್ದ ಹಾಗೆ.

ಪಡಸಾಲೆಯಲ್ಲಿ ಅವರು ಉಣ್ಣುವುದನ್ನು ನಾನು ವಿಡಿಯೊ ಮಾಡಿದೆ. ಗ್ರಾಹಕರ ಅಭಿಪ್ರಾಯ ಎಂದು ಪೇಜಿಗೆ ಹಾಕುವ ಉಮೇದು. ಕೈ ತೊಳೆದ ಸರ್, “ಪಾರ್ಸಲ್ ಎಲ್ಲೈತಿ?” ಎಂದರು. ತರಲು ಅಡುಗೆಮನೆಗೆ ಹೋದೆ. ಟೇಪು ಕಿತ್ತ ಡಬ್ಬಿ ಖಾಲಿ ಬಿದ್ದಿತ್ತು.

“ಚಿಗವ್ವಾ, ನನ್ನ ಬಾಯಾಗ ಮಣ್ಣ ಹಾಕಿದಿ.”

“ಮನ್ಯಾಗ ಬ್ಯಾರೆ ರೊಟ್ಟಿ ಇದ್ದಿಲ್ಲ,” ಎಂದಳು ಅವಳು, ತಾಟು ತೊಳೆಯುತ್ತ. “ಪುಣೇದವರು ಇನ್ನೊಂದಿನ ಉಣ್ತಾರ. ಇವರು ಇವತ್ತ ಹಸದ ಬಂದಾರ.”

ನನಗೆ ಅಳುವೇ ಬಂತು. ಹೊಸದಾಗಿ ಬಡಿದು, ಬೇಯಿಸಿ, ಖಡಕ್ಕಾಗಲು ಬಿಡುವಷ್ಟರಲ್ಲಿ ಕೊರಿಯರ್ ಅಂಗಡಿ ಮುಚ್ಚುತ್ತದೆ. ಸರ್‌ಗೆ ನಡೆದದ್ದನ್ನೆಲ್ಲ ಹೇಳಿದೆ.

“ತಾವು ಈಗ ಉಂಡದ್ದಽ ಆ ಪಾರ್ಸಲ್ ರಿ.”

ಅವರು ಮುಖ ಸಣ್ಣದು ಮಾಡಿಕೊಂಡರು. ಆದರೂ ನಿಯಮ ನಿಯಮವೇ, ರಸೀದಿ ಇಲ್ಲದೆ ಪಾಸು ಮಾಡಲಾಗದು ಎಂದರು. ಹೊರಟವರು ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಚಿಗವ್ವನನ್ನು ಕೇಳಿದರು: “ಮುಂದ ಮಾಡಿದಾಗ ನಮ್ಮ ಮನ್ಯಾಗಿನವರಿಗಿ ಒಂದಿಷ್ಟು ಕಟ್ಟಿ ಕೊಡ್ತೀರೇನ್ರಿ?”

ಚಿಗವ್ವ ಹೂಂ ಅನ್ನುವ ಮೊದಲೇ ನಾನು ಅಡ್ಡ ಬಾಯಿ ಹಾಕಿದೆ.

“ಪೇಜಿನ್ಯಾಗ ಆರ್ಡರ್ ಹಾಕ್ರಿ ಸರ್. ಕೊರಿಯರ್ ಮಾಡ್ತೀನಿ.”

“ಉಂಡವರಿಗಿ ಹಿಂಗ ಅಂತಾರೇನ ಬೇ,” ಎಂದು ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸರ್ ನನ್ನನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಕಿಸೆಯಿಂದ ಫೋನು ತೆಗೆದು ನನ್ನ ಪೇಜು ತೆರೆದರು.

“ಗಡುವು ಇನ್ನೊಂದ ವಾರ ಮುಂದ ಹಾಕೂಣಂತ,” ಎಂದರು.